ರುಚಿ ನೋಡ್ರಿ ಬೀಗರ

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಸ್ಪೇನ್ ದೇಶ ನೋಡಿ ಬಂದವನು. ಜಹೀರಾಬಾದಿನಲ್ಲಿ ಅಂಥವರು ಎಷ್ಟು ಮಂದಿ ಇದ್ದಾರೋ ತಿಳಿಯದು, ನಮ್ಮ ಓಣಿಯಲ್ಲಂತೂ ನಾನೊಬ್ಬನೇ. ನಮ್ಮ ಕಾರ್ಖಾನೆಯವರು ಹೊಸ ಯಂತ್ರವೊಂದನ್ನು ತರಿಸುವವರಿದ್ದರು. ಅದನ್ನು ನಡೆಸುವುದು ಕಲಿತು ಬಾ ಎಂದು ನನ್ನನ್ನು ಕಳಿಸಿದ್ದರು. ಯಂತ್ರ ಕೊನೆಗೂ ಬರಲಿಲ್ಲ. ನಾನು ಮಾತ್ರ ಬಂದೆ.

ಅಲ್ಲಿ ಒಂದು ಭಾನುವಾರ ನಮ್ಮನ್ನು ಬಸ್ಸಿನಲ್ಲಿ ಕೂರಿಸಿ ದ್ರಾಕ್ಷಿತೋಟಗಳ ಸೀಮೆಗೆ ಕರೆದುಕೊಂಡು ಹೋದರು. ಊರೂರಿಗೂ ಅಲ್ಲಿಯದೇ ವೈನು. ಕೊಟ್ಟದ್ದನ್ನು ಚೆಲ್ಲಬಾರದು ಎಂಬ ಸಂಸ್ಕಾರದಲ್ಲಿ ಬೆಳೆದ ನಾನು ಮೊದಲ ಊರಿನಲ್ಲಿ ಕೊಟ್ಟದ್ದನ್ನೆಲ್ಲ ಕುಡಿದೆ. ಎರಡನೇ ಊರನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಕೊಂಡೇ ದಾಟಿದೆ. ಮೂರನೆಯದರಲ್ಲಿ ತೋಟ ತೋರಿಸುವ ಹೆಂಗಸು ಕನಿಕರಪಟ್ಟು ಶಾಸ್ತ್ರ ಹೇಳಿಕೊಟ್ಟಳು. ಲೋಟ ಎತ್ತಿ ಬಣ್ಣ ನೋಡಬೇಕು, ಗರಗರ ತಿರುಗಿಸಬೇಕು, ಮೂಗು ಒಳಗಿಟ್ಟು ವಾಸನೆ ಹಿಡಿಯಬೇಕು, ಒಂದು ಗುಟುಕು ಬಾಯಲ್ಲಿ ಹೊರಳಿಸಿ ಪಕ್ಕದ ಬಕೇಟಿಗೆ ಉಗುಳಬೇಕು. ರುಚಿ ಬಲ್ಲವರು ನುಂಗುವುದಿಲ್ಲವಂತೆ. ಏನು ವಾಸನೆ ಬಂತೆಂದು ಕೇಳಿದಳು. ಉಳಿದವರು ಏನೇನೋ ಹಣ್ಣಿನ ಹೆಸರು ಹೇಳಿದರು, ನಾನು ಹುಣಸೆಹಣ್ಣು ಎಂದೆ. ಅವಳು ಚಪ್ಪಾಳೆ ತಟ್ಟಿದಳು. ನಾನು ಕೆಟ್ಟಿದ್ದು ಆ ಚಪ್ಪಾಳೆಯಿಂದ!

ಊರಿಗೆ ಬಂದ ಮೇಲೆ ನನಗೆ ಏನನ್ನೂ ಸುಮ್ಮನೆ ನುಂಗಲು ಆಗಲಿಲ್ಲ. ಚಹಾ ಕೊಟ್ಟರೆ ಕಪ್ಪು ತಿರುಗಿಸುತ್ತ ಕೂತೆ. ಬೇಳೆಸಾರನ್ನು ಮೂಸಿ, "ಸುಮಿತ್ರಾ, ಇದ್ರಾಗ ಹಳೇ ಕಟ್ಟಿಗಿ ವಾಸನಿ ಅದ. ಭಾರಿ ಆಳ ಅದ" ಎಂದೆ.

"ಆಳ ಅಲ್ರಿ, ತಳ. ಬ್ಯಾಳಿ ತಳ ಹತ್ಯಾದ. ಸುಮ್ನ ಉಣ್ರಿ," ಎಂದಳು ನನ್ನ ಹೆಂಡತಿ.

ಇಂಥ ಪಂಡಿತನಿಗೆ ಒಂದು ಜವಾಬ್ದಾರಿ ಬಂತು. ಸುಮಿತ್ರಾಳ ತಮ್ಮ ಪ್ರಕಾಶ ಮನೂರ್ ಕಡೆಯ ಒಂದು ಹಳ್ಳಿಯಲ್ಲಿ ಮಾಸ್ತರ. ಅವನಿಗೆ ಕಂಗ್ಟಿ ಕಡೆಯ ಸುಜಾತಾ ಎಂಬ ಹುಡುಗಿಯ ಪರಿಚಯವಾಗಿತ್ತು. ಅವಳು ಪಸ್ತಾಪುರದಲ್ಲಿ ಸಿರಿಧಾನ್ಯ ಬೆಳೆಯುವ ಹೆಣ್ಣುಮಕ್ಕಳ ಸಂಘದಲ್ಲಿ ಕೆಲಸ ಮಾಡುತ್ತಿದ್ದಳು. ಒಂದೇ ಆಟೋದಲ್ಲಿ ಒತ್ತಿಕೊಂಡು ಓಡಾಡುತ್ತ ಇಬ್ಬರಿಗೂ ಮನಸ್ಸು ಕೂಡಿತ್ತು. ಇದಕ್ಕೂ ಮೊದಲು ಅವನಿಗೆ ನೋಡಿದ ಸಂಬಂಧಗಳೆಲ್ಲ ಒಂದಲ್ಲ ಒಂದು ನೆಪದಿಂದ ಮುರಿದಿದ್ದವು. ಒಂದಂತೂ ಪ್ರತ್ಯೇಕ ತೆಲಂಗಾಣ ರಾಜ್ಯ ಕೇಳುವವರ ಬಂದ್‌ನಿಂದಾಗಿ ಹೆಣ್ಣಿನವರು ಬರಲಾಗದೆ ಮುರಿದಿತ್ತು. "ಇದೂ ಮುರೀತಂದ್ರ ನನ್ ಮುಂದ ಲಗ್ನದ ಮಾತು ಎತ್ತಬ್ಯಾಡ್ರಿ" ಎಂದು ಪ್ರಕಾಶ ಖಡಾಖಂಡಿತ ಹೇಳಿಬಿಟ್ಟಿದ್ದ. ನಮ್ಮ ಮಾವ ತೀರಿಕೊಂಡಿದ್ದರು. ಮಾತು ಗಟ್ಟಿ ಮಾಡಿಕೊಂಡು ಬರುವ ಹಿರಿತನ ಹಿರಿ ಅಳಿಯನಾದ ನನ್ನ ತಲೆಗೆ ಬಂತು.

ಬೀಗರ ಊರಿಗೆ ಹೊರಟಾಗ ಜೀಪಿನಲ್ಲಿ ಸುಮಿತ್ರಾ ಹೇಳಿದಳು, "ಅಲ್ಲಿ ನಿಮಗ ಸಿಂದಿ ಕೊಡ್ತಾರ. ಸುಮ್ನ ಕುಡ್ದು ಬಿಡ್ರಿ. ಅದು ಖಾಲಿ ಸಿಂದಿ ಅಲ್ರಿ, ಅದರದೊಂದು..."

ಸಿಂದಿ ಅಂದರೆ ಈಚಲ ಮರದ ಕಳ್ಳು. ಸ್ಪೇನ್ ನೋಡಿದವನಿಗೆ ಸಿಂದಿಯ ಪಾಠ ಬೇಕೇ? "ಗೊತ್ತದ, ಗೊತ್ತದ" ಎಂದೆ. ಅವಳು ನನ್ನ ಮುಖ ನೋಡಿ ಕಿಟಕಿಯ ಕಡೆ ತಿರುಗಿದಳು. ಅವಳು ಹೇಳಲು ಹೊರಟದ್ದು ಇಷ್ಟೇ: ಆ ಮನೆತನಗಳಲ್ಲಿ ಹೆಣ್ಣು ಕೊಡುವ ಮಾತು ಕೂಡಿದ ಮೇಲೆ ಎರಡೂ ಕಡೆಯ ಹಿರಿಯರು ಒಂದೇ ಗಡಿಗೆಯ ಸಿಂದಿ ಕುಡಿಯುತ್ತಾರೆ. ಕುಡಿದರೆ ಮಾತು ಗಟ್ಟಿ. ನನ್ನ ಮದುವೆಯಲ್ಲೂ ಹಾಗೇ ಆಗಿತ್ತಂತೆ. ಆದರೆ ಮದುಮಗನನ್ನು ಆ ಕೂಟಕ್ಕೆ ಸೇರಿಸುವುದಿಲ್ಲವಾದ್ದರಿಂದ ನನಗದು ಗೊತ್ತಿರಲಿಲ್ಲ.

ಬೀಗರ ಮನೆ ಮುಟ್ಟಿದೆವು. ಸುಮಿತ್ರಾ ಹೆಂಗಸರ ಜೊತೆ ಒಳಗೆ ಹೋದಳು. ನಾನು ಅಂಗಳದಲ್ಲಿ, ಬೇವಿನ ಮರದ ಕೆಳಗೆ, ಹಿರಿಯರ ನಡುವೆ ಕೂತೆ. ಹುಡುಗಿಯ ಸೋದರಮಾವ ಮಾಣಿಕಪ್ಪನೇ ಆ ಮನೆಗೆ ಯಜಮಾನ. ಬಿಳಿ ಮೀಸೆ, ಕಡಿಮೆ ಮಾತು. ಕೊಡುವ ತರುವ ಮಾತೆಲ್ಲ ಚೆನ್ನಾಗಿಯೇ ಮುಗಿಯಿತು. ಆಮೇಲೆ ಗಡಿಗೆ ಬಂತು. ಮುತ್ತಲ ಎಲೆಯ ದೊನ್ನೆಗೆ ಸಿಂದಿ ಸುರಿದು ನನ್ನ ಕೈಗಿಟ್ಟು ಮಾಣಿಕಪ್ಪ ಹೇಳಿದ:

"ರುಚಿ ನೋಡ್ರಿ ಬೀಗರ."

ಬೀಗರಿಗೆ 'ಕುಡೀರಿ' ಅನ್ನುವುದು ಒರಟು, ಅದಕ್ಕೆ ಮರ್ಯಾದೆಯಿಂದ 'ರುಚಿ ನೋಡ್ರಿ' ಅನ್ನುತ್ತಾರೆ. ನಾನು ಆ ಮಾತನ್ನು ಅಕ್ಷರಶಃ ಪಾಲಿಸಿದೆ.

ದೊನ್ನೆಯನ್ನು ಬಿಸಿಲಿಗೆ ಎತ್ತಿ ಬಣ್ಣ ನೋಡಿದೆ. ಗರಗರ ತಿರುಗಿಸಿದೆ. ಅರ್ಧ ಸಿಂದಿ ಪಕ್ಕದ ಹಿರಿಯರ ಧೋತರದ ಮೇಲೆ ಹೋಯಿತು. ಅವರು ಪಾಪ, ಸುಮ್ಮನೆ ಒರೆಸಿಕೊಂಡರು. ಮೂಗು ಒಳಗಿಟ್ಟೆ. ಮೂಗಿಗೆ ನೊರೆ ಹತ್ತಿತು. ಗುಟುಕು ಹಾಕಿ ಬಾಯಲ್ಲಿ ಗಳಗಳ ಹೊರಳಿಸಿದೆ. ಇನ್ನು ಬಕೇಟು ಬೇಕು. ಸುತ್ತ ನೋಡಿದೆ. ಕೈಯಳತೆಯಲ್ಲೇ, ಬೀಗರ ಕಾಲಿಗೆ ನೀರು ಕೊಡಲು ಹುಣಸೆಹಣ್ಣು ಹಚ್ಚಿ ಫಳಫಳ ತೊಳೆದಿಟ್ಟ ಹಿತ್ತಾಳೆ ಚರಿಗೆ ಇತ್ತು.

ಪಿಚಕ್!

ಅಂಗಳದಲ್ಲಿ ಎಲ್ಲರ ಕೈಯ ದೊನ್ನೆ ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಅವರು ನನ್ನ ವಿದ್ಯೆಗೆ ಬೆರಗಾಗಿದ್ದಾರೆಂದು ತಿಳಿದು ನಾನು ಅಭಿಪ್ರಾಯವನ್ನೂ ಕೊಟ್ಟೆ: "ಭಾರಿ ಮಾಲ್ ಅದ ಮಾಣಿಕಪ್ಪ. ಇದ್ರಾಗ ಕುದುರಿ ಕಟ್ಟೋ ಲಾಯದ ವಾಸನಿ ಬರ್ಲತದ." ಸ್ಪೇನಿನಲ್ಲಿ ಅದು ದೊಡ್ಡ ಹೊಗಳಿಕೆ.

"ಗಡಿಗಿ ತೊಳ್ದೇ ತುಂಬೀವ್ರಿ," ಎಂದ ಮಾಣಿಕಪ್ಪ ಮೆಲ್ಲಗೆ. "ನಮ್ ಸಿಂದಿ ಉಗುಳಿದ್ರಲ್ರಿ?"

"ಉಗುಳೋದಂದ್ರ ಮರ್ಯಾದಿ ಮಾಡ್ದಂಗ. ಬಲ್ಲವ್ರು ನುಂಗಂಗಿಲ್ಲ. ನೋಡ್ರಿ, ಹಿಂಗ," ಎಂದು ಇನ್ನೊಂದು ಗುಟುಕು ಹಾಕಿ, ಇನ್ನೊಮ್ಮೆ ಉಗುಳಿ ತೋರಿಸಿದೆ.

ಮಾಣಿಕಪ್ಪ ತನ್ನ ದೊನ್ನೆಯನ್ನು ನೆಲಕ್ಕೆ ಇಟ್ಟ. ಉಳಿದವರೂ ಇಟ್ಟರು. "ಮಾತು ಮುರೀತ್ರಿ," ಎಂದ. "ನಮ್ ಹುಡುಗಿ ನಿಮಗ ಬ್ಯಾಡಂದ್ರ ಬಾಯಿಲೆ ಹೇಳಬೇಕಿತ್ತು. ಹಿಂಗ ಚರಿಗ್ಯಾಗ ಹೇಳೋದು ನಮ್ ಕಡೆ ಇಲ್ಲ."

ಆಗ ನನಗೆ ಅರ್ಥವಾಯಿತು. ಪ್ರಕಾಶನ ಮುಖ ಕಣ್ಣ ಮುಂದೆ ಬಂತು. ಇಲ್ಲಿಂದ ಹೇಗಾದರೂ ಪಾರಾಗಿ, ಊರಿನಿಂದ ನಾಲ್ವರು ಹಿರಿಯರನ್ನು ಕರೆತಂದು ಸರಿಮಾಡಿಸೋಣ ಎಂದು ಜೀಪಿನ ಕಡೆ ಓಡಿದೆ. ಡ್ರೈವರ್ ಬೀಡಿ ಸೇದುತ್ತ ಹೇಳಿದ, "ಎಲ್ಲಿಗಿ ಹೋಗ್ತೀರಿ? ತೆಲಂಗಾಣದವ್ರು ರೋಡ್ ಬಂದ್ ಮಾಡ್ಯಾರ. ರೋಡಿನ ಮ್ಯಾಲೇ ಒಲಿ ಹೂಡಿ ಅನ್ನಕ್ಕ ಇಟ್ಟಾರ. ಅವ್ರು ಉಂಡು ಏಳೋ ತನಕ ಸೈಕಲ್ ಸುದ್ದಾ ಬಿಡಂಗಿಲ್ಲ."

ಮರಳಿ ಬಂದು ಅದೇ ಅಂಗಳದಲ್ಲಿ, ಅದೇ ಚರಿಗೆಯ ಪಕ್ಕದಲ್ಲಿ ಕೂತೆ. ಮಾತೆಲ್ಲ ಹೊರಗೆ ನಡೆದಿತ್ತು. ಬೀಗ ಸಿಂದಿ ಉಗುಳಿದ ಸುದ್ದಿ ಗೋಡೆ ದಾಟುವಾಗ ಬೀಗ ಹುಡುಗಿಯ ಮೇಲೆ ಉಗುಳಿದ ಸುದ್ದಿಯಾಯಿತು. ಊರ ಅಗಸಿಬಾಗಿಲು ದಾಟುವಾಗ ಊರಿನ ಮೇಲೆ ಉಗುಳಿದ ಎಂದಾಯಿತು. ರಸ್ತೆಯ ಒಲೆಗಳ ಹತ್ತಿರ ಹೋಗುವಷ್ಟರಲ್ಲಿ, ಯಾರೋ ಒಬ್ಬ ತೆಲಂಗಾಣದ ಮೇಲೆಯೇ ಉಗುಳಿದ್ದಾನೆ ಎಂದಾಗಿತ್ತು! ಅರ್ಧ ಬೆಂದ ಅನ್ನ, ಸಾರು ಒಲೆಯ ಮೇಲೇ ಬಿಟ್ಟು, ಸೌಟು ಹಿಡಿದುಕೊಂಡೇ ಜನ ಅಂಗಳಕ್ಕೆ ಬಂದರು.

"ಯಾಂವ್ರಿ ಅಂವ?" ಎಂದು ಸೌಟಿನವನು ಕೇಳಿದ. ಹಿರಿಯರೆಲ್ಲ ನನ್ನನ್ನು ನೋಡಿದರು. ನಾನು ಎದ್ದು ನಿಂತು, "ಜೈ ತೆಲಂಗಾಣ" ಎಂದೆ. ಸೌಟು ಕೆಳಗಿಳಿಯಲಿಲ್ಲ.

ಅಷ್ಟರಲ್ಲಿ ಸುಮಿತ್ರಾ ಒಳಗಿನಿಂದ ಬಂದಳು. ನನ್ನ ಕಡೆ ನೋಡಲೂ ಇಲ್ಲ. ಗಡಿಗೆಯ ಹತ್ತಿರ ಹೋಗಿ, ಹೊಸ ದೊನ್ನೆಗೆ ತಾನೇ ಸಿಂದಿ ಸುರಿದುಕೊಂಡು ಮಾಣಿಕಪ್ಪನ ಮುಂದೆ ನಿಂತಳು.

"ಕಾಕಾ, ನಮ್ಮಪ್ಪ ಇದ್ದಿದ್ರ ಅಂವ ಕುಡೀತಿದ್ದ. ಅಂವ ಇಲ್ಲ. ಹಿರಿ ಮಗಳು ನಾ ಇದೀನಿ. ಇವ್ರು ಸ್ಪೇನಿಗಿ ಹೋಗಿ ಕುಡಿಯೋದು ಮರ್ತು ಬಂದಾರ, ನಾ ಮರ್ತಿಲ್ಲ."

ದೊನ್ನೆ ಎತ್ತಿದಳು. ಉಸಿರು ಬಿಡದೆ ಕೊನೆಯ ಹನಿಯವರೆಗೂ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದಳು, "ಮಾತು ಗಟ್ಟಿ ಆತು?"

ಹೆಣ್ಣುಮಗಳು ಹಿರಿಯರ ಕೂಟದಲ್ಲಿ ಮಾತು ಗಟ್ಟಿ ಮಾಡಿದ್ದು ಆ ಊರಿನಲ್ಲಿ ಅದೇ ಮೊದಲಂತೆ. ಮಾಣಿಕಪ್ಪ ಅವಳನ್ನು ನೋಡಿದ, ನನ್ನನ್ನು ನೋಡಿದ, ಚರಿಗೆಯನ್ನು ನೋಡಿದ. ಅವನ ಮೀಸೆ ಅಲುಗತೊಡಗಿತು. ಸಿಟ್ಟು ಎಂದುಕೊಂಡೆ. ನಗು.

"ಗಟ್ಟಿ ಆತವ್ವಾ," ಎಂದು ತನ್ನ ದೊನ್ನೆ ಎತ್ತಿ ಕುಡಿದ. ಸೌಟಿನವನಿಗೂ ಒಂದು ದೊನ್ನೆ ಕೊಟ್ಟರು. ಅವನು ನನ್ನ ಮುಖವನ್ನೇ ನೋಡುತ್ತ ಎಚ್ಚರಿಕೆಯಿಂದ ನುಂಗಿದ. ಆ ದಿನದ ಊಟ ಎಲ್ಲರಿಗೂ ರಸ್ತೆಯ ಮೇಲೇ ಆಯಿತು. ಸಾರು ತಳ ಹತ್ತಿತ್ತು. ಅದಕ್ಕೂ ನಾನೇ ಕಾರಣ. ಮೂಸದೆ ಉಂಡೆ.

ದಾರಿ ಬಿಟ್ಟ ಮೇಲೆ ಜೀಪಿನಲ್ಲಿ ಸುಮಿತ್ರಾ ನನ್ನ ಹೆಗಲಿಗೆ ತಲೆಯಿಟ್ಟು ಮಲಗಿದಳು. ಪ್ರೀತಿಯಿಂದ ಅಲ್ಲ, ಸಿಂದಿಯಿಂದ. ಆದರೂ ನನಗೆ ಅವಳ ಮೇಲೆ ಎಂದೂ ಬಾರದಷ್ಟು ಅಭಿಮಾನ ಬಂತು.

ಮದುವೆ ಜೋರಾಗಿಯೇ ಆಯಿತು. ಪ್ರಕಾಶ, ಸುಜಾತಾ ಇಬ್ಬರೂ ಚೆನ್ನಾಗಿದ್ದಾರೆ, ಆಗಾಗ ನಮ್ಮ ಮನೆಗೆ ಬರುತ್ತಾರೆ, ನನ್ನನ್ನು ನೋಡಿದೊಡನೆ ಇಬ್ಬರೂ ಬೇರೆ ಕಡೆ ಮುಖ ತಿರುಗಿಸಿ ನಗುತ್ತಾರೆ. ಬೀಗರಿಗೆ ಆಹೇರಿಯ ಉಡುಗೊರೆ ಕೊಡುವ ಹೊತ್ತಿಗೆ ಉಳಿದ ಅಳಿಯಂದಿರಿಗೆಲ್ಲ ಶಲ್ಯ, ಟೊಪ್ಪಿಗೆ ಸಿಕ್ಕವು. ಮಾಣಿಕಪ್ಪ ನನ್ನನ್ನು ಮಂಟಪದ ಮುಂದೆ ಕರೆದು ಎರಡೂ ಕೈಯಿಂದ ಒಂದು ಗಂಟು ಕೊಟ್ಟ. ಬಿಚ್ಚಿ ನೋಡಿದರೆ ಅದೇ ಹಿತ್ತಾಳೆ ಚರಿಗೆ! ಹೊಸದಾಗಿ ಕಲಾಯಿ ಮಾಡಿಸಿ, ಮದುವೆ ಪಾತ್ರೆಗೆ ಹೆಸರು ಹಾಕಿಸುವಂತೆ ಕಂಠದ ಸುತ್ತ ಚುಕ್ಕಿಚುಕ್ಕಿಯಾಗಿ ಕೊರೆಸಿದ್ದ: 'ಸ್ಪೇನ್ ಬೀಗರಿಗೆ, ರುಚಿ ನೋಡಾಕ.'

ಆ ಚರಿಗೆ ಈಗ ನಮ್ಮ ಅಡುಗೆಮನೆಯ ನಾಗೊಂದಿಗೆ ಹಲಗೆಯ ಮೇಲಿದೆ. ಊಟಕ್ಕೆ ಕೂತಾಗ ಅಪ್ಪಿತಪ್ಪಿ ನನ್ನ ಮೂಗು ತಟ್ಟೆಯ ಕಡೆ ಬಾಗಿತೋ, ಸುಮಿತ್ರಾ ಒಂದು ಮಾತೂ ಆಡದೆ ಅದನ್ನಿಳಿಸಿ ನನ್ನ ಪಕ್ಕದಲ್ಲಿ ಇಡುತ್ತಾಳೆ. ನಾನೂ ಒಂದು ಮಾತೂ ಆಡದೆ ನುಂಗುತ್ತೇನೆ.