ನೂಲು ಬರದ ಗೂಡು

ಬೆಳಗ್ಗೆ ಆರಕ್ಕೆ ರಮೇಶ್‌ಬಾಬುವಿನ ಕಂಪ್ಯೂಟರು ಮಂಕು ಬಡಿದಂತೆ ನಿಂತುಬಿಟ್ಟಿತು. ಮಧ್ಯಾಹ್ನ ಎರಡಕ್ಕೆ ಕಾಲೇಜಿನಲ್ಲಿ ಪ್ರಾಜೆಕ್ಟು ತೋರಿಸದಿದ್ದರೆ ಈ ವರ್ಷ ಇಂಜಿನಿಯರಿಂಗ್ ಮುಗಿಯುವಂತಿರಲಿಲ್ಲ. ಮೈಮೇಲೆ ಅಮ್ಮ ಎದ್ದು ಇಪ್ಪತ್ತು ದಿನ ಮಲಗಿ ಹಾಜರಾತಿ ತಪ್ಪಿದವನಿಗೆ ಪರೀಕ್ಷೆಯ ಹಾಲ್‌ಟಿಕೆಟ್ ಸಿಕ್ಕಿದ್ದೇ ಪುಣ್ಯ. ಅದಕ್ಕೂ ಕಾಲೇಜಿನ ಗುಮಾಸ್ತ ನಲ್ಲಪ್ಪ, ಮೊದಲಿನದು ಸಿಗುತ್ತಿಲ್ಲವೆಂದು, ಡಾಕ್ಟರ ಚೀಟಿಯನ್ನು ಎರಡು ಸಲ ತರಿಸಿಕೊಂಡಿದ್ದ.

ಅವನ ಪ್ರಾಜೆಕ್ಟು ಬೇರೆ ಪ್ರೋಗ್ರಾಮುಗಳ ತಪ್ಪು ಹಿಡಿಯುವಂಥದು. ಬೀಜಗಣಿತದಂತೆ ಅಂಕಿಯ ಬದಲು ಅಕ್ಷರ ಇಟ್ಟುಕೊಂಡು, ಹೀಗಾದರೆ-ಹಾಗಾದರೆ ಎಂಬ ಕವಲು ಸಿಕ್ಕಲ್ಲೆಲ್ಲ ಎರಡೂ ದಾರಿ ಹಿಡಿದು ನೋಡುತ್ತಿತ್ತು. ಹತ್ತು ಕವಲಿಗೆ ಸಾವಿರ ದಾರಿ. ಅವನು ಪರೀಕ್ಷೆಗೆ ಆರಿಸಿಕೊಂಡಿದ್ದ ಕಾಲೇಜಿನ ಹಾಜರಾತಿ ಪ್ರೋಗ್ರಾಮಿನಲ್ಲಿ ನಲವತ್ತು ಕವಲು, ಅಂದರೆ ಲಕ್ಷ ಕೋಟಿ ದಾರಿ. ತಾಲ್ಲೂಕಿನ ಮನೆಮನೆಗೂ ಲಗ್ನಪತ್ರಿಕೆ ಹಂಚಲು ನಡೆದೇ ಹೊರಟವನಂತೆ ಕಂಪ್ಯೂಟರು ಸುಸ್ತಾಗಿತ್ತು.

ಪಕ್ಕದ ಮನೆ ಮಂಗಮ್ಮ ದೃಷ್ಟಿಯಾಗಿದೆ, ನಿಂಬೆಹಣ್ಣು ಇಳಿತೆಗೆಯಬೇಕೆಂದಳು. ಅವಳ ಗಂಡ ವೆಂಕಟರವಣಪ್ಪ ಟೀವಿಗೆ ಬಡಿಯುವಂತೆ ಪಕ್ಕಕ್ಕೆ ಎರಡು ಬಡಿದು, ಇದ್ದ ಬೆಳಕನ್ನೂ ಆರಿಸಿದ.

ಮೇಲೂರಿನ ತಮ್ಮ ಮನೆಯಂಗಳದಲ್ಲಿ ರಮೇಶ್‌ಬಾಬುವಿನ ತಾಯಿ ಆದಿಲಕ್ಷ್ಮಮ್ಮ ರೇಷ್ಮೆಗೂಡು ಆಯುತ್ತಿದ್ದಳು. ಕೆಟ್ಟವನ್ನು ನೋಡಿಯೇ ಎಸೆದು, ಮಿಕ್ಕವನ್ನು ಮಾತ್ರ ನೂಲು ತೆಗೆಯಲು ಬಿಸಿನೀರಿಗೆ ಬಿಡುವುದು ಅವಳ ಕ್ರಮ. ಮಗನ ಗೋಳು ಕೇಳಿ ತಲೆ ಎತ್ತದೆ ಅಂದಳು: "ಎಲ್ಲಾನೂ ಬೇಯಿಸಿ ನೋಡ್ತಾರೇನಪ್ಪ? ನೂಲು ಬರದೇ ಇರೋದು ಕಣ್ಣಿಗೇ ಕಾಣ್ತದೆ."

ರಮೇಶ್‌ಬಾಬು ಚೇಳು ಕುಟುಕಿದವನಂತೆ ಎದ್ದ. ಹಾಜರಾತಿ ಪ್ರೋಗ್ರಾಮನ್ನು ಓಡಿಸುವ ಮೊದಲು ಒಮ್ಮೆ ಸುಮ್ಮನೆ ಓದಿಸಿದರೆ ಸಾಕು. ಹಾಲ್‌ಟಿಕೆಟ್ ಕೊಡು ಎನ್ನುವ ಪ್ರೋಗ್ರಾಮಿನ ಸಾಲಿಗೆ ಮುಟ್ಟದ ಕವಲುಗಳನ್ನು ಆಗಲೇ ಆಯ್ದು ಎಸೆಯಬಹುದು. ಕಂಪ್ಯೂಟರನ್ನು ಮತ್ತೆ ಹಚ್ಚಿ ಹನ್ನೊಂದಕ್ಕೆ ಬರೆದು ಮುಗಿಸಿ, ಕಾಲೇಜಿದ್ದ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದ.

ಎರಡು ಗಂಟೆಗೆ ವಿಭಾಗದ ಮುಖ್ಯಸ್ಥ ಚನ್ನಕೇಶವ, ಹೊರಗಿನ ಪರೀಕ್ಷಕಿ ಯಾಮಿನಿ ಮೇಡಂ ಇಬ್ಬರೂ ಬಗ್ಗಿ ನೋಡುತ್ತಿದ್ದಂತೆ ಎರಡೇ ನಿಮಿಷದಲ್ಲಿ ತಪ್ಪು ಸಿಕ್ಕಿತು. ಒಂದೇ ಕಾಯಿಲೆಯ ಚೀಟಿ ಎರಡು ಸಲ ಬಂದರೆ ಆ ರಜೆಯ ದಿನಗಳು ಹಾಜರಾತಿಗೆ ಎರಡು ಸಲ ಸೇರುತ್ತಿದ್ದವು. ಶೇಕಡಾ ಎಪ್ಪತ್ತೈದು ಹಾಜರಾತಿ ಇಲ್ಲದವನಿಗೂ ಹಾಲ್‌ಟಿಕೆಟ್ ಸಿಗುತ್ತಿತ್ತು. ಮೇಡಂ ನೂರಕ್ಕೆ ತೊಂಬತ್ತೆಂಟು ಹಾಕಿದರು.

"ಐದು ವರ್ಷದಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ ಕಣಯ್ಯ," ಎಂದು ಚನ್ನಕೇಶವ ಅವನ ಬೆನ್ನು ತಟ್ಟಿ, ಖುಷಿಯಲ್ಲಿ ತಾವೇ ಆ ಸಾಲನ್ನು ತಿದ್ದಿದರು. ಹೀಗೆ ನುಸುಳಿದವರು ಯಾರೆಂದು ನೋಡೇಬಿಡೋಣ ಎಂದು ಇಡೀ ತರಗತಿಯ ಹಾಜರಾತಿಯನ್ನು ಮತ್ತೆ ಲೆಕ್ಕ ಹಾಕಿಸಿದರು. ಬಂದದ್ದು ಒಂದೇ ಹೆಸರು. ಬೆನ್ನು ತಟ್ಟುತ್ತಿದ್ದ ಕೈ ಅಲ್ಲೇ ನಿಂತಿತು. ಆಮೇಲೆ ಮುಂದಕ್ಕೆ ಚಾಚಿ, ಮೆಲ್ಲಗೆ ಹಾಲ್‌ಟಿಕೆಟ್ ಕೇಳಿತು.

ಸಂಜೆ ಆದಿಲಕ್ಷ್ಮಮ್ಮ ಕಾಫಿ ಕೊಡುತ್ತಾ ಕೇಳಿದಳು, "ಕೆಟ್ಟ ಗೂಡು ಆಯ್ದ್ಯೇನಪ್ಪ?"

"ಆಯ್ದೆನಮ್ಮ. ಒಂದೇ ಇತ್ತು," ಎಂದ ರಮೇಶ್‌ಬಾಬು. "ನಾನೇ."