ಹೊರಗಡೆ ಕೊಂಡಿಯಿಲ್ಲದ ಬಾಗಿಲು

ಪತ್ರಿಕೆಯಲ್ಲಿ ಕೆಲಸ ಮಾಡುವವನು ದೆವ್ವವನ್ನು ನಂಬಬಾರದೆಂಬ ನಿಯಮವೇನಿಲ್ಲ. ಇಬ್ಬರ ಹೇಳಿಕೆ ಸಿಗುವವರೆಗೆ ಬರೆಯಬಾರದು, ಅಷ್ಟೆ. ಬಸವಕಲ್ಯಾಣದ ವರದಿಗಾರನಾಗಿ ನಾನು ಈ ಶಿಸ್ತನ್ನು ಬಿಟ್ಟವನಲ್ಲ. ಹುಣಸೆಮರದ ದೆವ್ವ, ಹಾಳುಬಾವಿಯ ದೆವ್ವ ಎಂದು ಫೋನು ಮಾಡಿದವರನ್ನೆಲ್ಲ "ನೀವು ಕಣ್ಣಾರೆ ಕಂಡಿರೇನು?" ಎಂದು ಕೇಳಿ ಮಾತು ಮುಗಿಸಿದ್ದೇನೆ. ನನ್ನ ಮನೆಯ ವಿಷಯದಲ್ಲಿ ಮಾತ್ರ ಇಬ್ಬರ ಹೇಳಿಕೆ ಸಿಕ್ಕಿದೆ. ಎರಡನೆಯದು ನನ್ನದೇ ಎಂಬುದೊಂದು ತೊಂದರೆ.

ಕೋಟೆಯ ಕಡೆಯ ಓಣಿಯಲ್ಲಿರುವ ನಮ್ಮದು ಅಜ್ಜನ ಕಾಲದ ಕಲ್ಲುಮನೆ. ಮಗಳು ಕಲಬುರಗಿಯ ಹಾಸ್ಟೆಲ್ ಸೇರಿದ ಮೇಲೆ ಹೆಂಡತಿ ಶಕುಂತಲಾ ಹುಮನಾಬಾದಿನಲ್ಲಿ ಕೆಲಸ ಹಿಡಿದಳು. ಶಾಲಾ ಸಮವಸ್ತ್ರ ಹೊಲಿಯುವ ಶೆಡ್ಡಿನಲ್ಲಿ ಮೇಲ್ವಿಚಾರಕಿ. ಮೊದಲ ದಿನ ಇಬ್ಬರೂ ಒಟ್ಟಿಗೆ ಹೊರಟೆವು. ಹೊಸ ಬೀಗ-ಕೀಲಿ ಕೈಯಲ್ಲಿ ಹಿಡಿದು ತಿರುಗಿ ನೋಡಿದರೆ ಅದನ್ನು ಹಾಕಲು ಬಾಗಿಲಲ್ಲಿ ಜಾಗವೇ ಇಲ್ಲ! ಒಳಗಡೆ ತೊಲೆಯಂಥ ಅಗಳಿ, ಮೇಲೊಂದು ಕೆಳಗೊಂದು ಚಿಲಕ. ಹೊರಗಡೆ ಒಂದು ಕೊಂಡಿಯೂ ಇಲ್ಲ. ಅಜ್ಜನಿಂದ ನನ್ನವರೆಗೆ ಯಾವ ಗಂಡಸಿಗೂ ಅದು ಬೇಕಾಗಿರಲಿಲ್ಲ. ಒಳಗೆ ಯಾವಾಗಲೂ ಒಬ್ಬ ಹೆಂಗಸು ಇದ್ದೇ ಇರುತ್ತಿದ್ದಳು: ಅಜ್ಜಿ, ಆಮೇಲೆ ಅವ್ವ, ಅವ್ವ ತೀರಿಕೊಂಡ ಮೇಲೆ ಶಕುಂತಲಾ. ಮನೆಮಂದಿಯೆಲ್ಲ ಮದುವೆಗೆ ಹೊರಟರೂ ಒಬ್ಬಳನ್ನು ಬಿಟ್ಟೇ ಹೋಗುತ್ತಿದ್ದರು. ನಾನು ಹುಟ್ಟಿ ಬೆಳೆದ ಮನೆ. ಗಮನಿಸುವುದೇ ನನ್ನ ಉದ್ಯೋಗ. ಇದು ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ. "ಬಸ್ ಹೋಗತದ್ರಿ, ಲಗೂನ ಬಡಿಗ್ಯಾನ ಕರೀರಿ" ಎಂದಳು ಶಕುಂತಲಾ. ಬಡಿಗ ಬಂದ. ಮೊಳೆಗಳು ಒಂದರ ಮೇಲೊಂದು ಬಾಗಿದವು. "ಈ ಬಾಗಲಾ ಒಲ್ಲೆ ಅನ್ನಾಕತ್ತದ್ರಿ" ಎಂದು ನಕ್ಕು, ಹೇಗೋ ಕೊಂಡಿ ಕೂರಿಸಿದ.

ಮುಂದಿನ ವಾರ ಗ್ಯಾಸ್ ಸಿಲಿಂಡರ್ ಬರಲಿಲ್ಲ. ಅದನ್ನು ತರುವ ಗಫೂರ್‌ಭಾಯಿಯನ್ನು ಚೌಕಿನಲ್ಲಿ ಹಿಡಿದು ಕೇಳಿದೆ.

"ಬಂದಿದ್ದೆ ಸಾಬ್. ಅಕ್ಕಾರು ಒಳಗಿಂದ 'ಮನ್ಯಾಗ ಯಾರೂ ಇಲ್ರಿ' ಅಂದ್ರು. ಹೊಳ್ಳಿ ಹೋದೆ."

ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಗಂಡಸರಿಲ್ಲದ ಹೊತ್ತಿನಲ್ಲಿ ಯಾರಾದರೂ ಬಾಗಿಲು ಬಡಿದರೆ ನಮ್ಮ ಕಡೆ ಹೆಂಗಸರು ಹೇಳುವುದೇ ಹಾಗೆ. ಅಜ್ಜಿಯೂ ಹೇಳುತ್ತಿದ್ದಳು, ಅವ್ವನೂ ಹೇಳುತ್ತಿದ್ದಳು. ಬಂದವನು ಅದನ್ನು ನಂಬಿ ಹೋಗುತ್ತಿದ್ದ. ಸ್ವಲ್ಪ ದೂರ ನಡೆದ ಮೇಲೆ ಹೊಳೆಯಿತು: ಆ ಹೊತ್ತಿಗೆ ಶಕುಂತಲಾ ಹುಮನಾಬಾದಿನಲ್ಲಿದ್ದಳು! ತಿರುಗಿ ಬಂದು, ಬಾಗಿಲಿಗೆ ಕೀಲಿ ಇತ್ತೇ ಎಂದು ಕೇಳಿದೆ.

"ಇತ್ರಿ. ನೀವ ಹಾಕ್ಕೊಂಡ ಹೋಗೀರಿ ಅಂತ ತಿಳದೆ."

ಹೆಂಡತಿಯನ್ನು ಒಳಗಿಟ್ಟು ಕೀಲಿ ಹಾಕುವ ಗಂಡನೆಂದು ಆತ ನನ್ನನ್ನು ಎಣಿಸಿದ್ದೂ, ಅದರಿಂದ ಆತನಿಗೆ ಕಿಂಚಿತ್ತೂ ಆಶ್ಚರ್ಯವಾಗದಿದ್ದುದೂ ದೆವ್ವಕ್ಕಿಂತ ಹೆಚ್ಚು ಚುಚ್ಚಿತು.

ಸುದ್ದಿ ಹುಲಸೂರಿನಲ್ಲಿರುವ ಅಪ್ಪನ ತಮ್ಮ, ಕಾಕಾ ಅವರಿಗೂ ಮುಟ್ಟಿತು. ಭಾನುವಾರ ಬಂದವರೇ ಗೋಡೆಯ ಮೇಲಿನ ಅವ್ವನ ಫೋಟೊ ನೋಡಿ ತೀರ್ಪು ಕೊಟ್ಟರು: "ಇದು ನಿಮ್ಮವ್ವಂದು, ನಮ್ಮ ವೈನೀದ ದನಿ. ಈ ಮನಿ ಎಂದೂ ಹೆಣ್ಣಿಲ್ಲದ ಇದ್ದಿಲ್ಲ ತಮ್ಮಾ. ಶಕುಂತಲಾನ ನೌಕರಿ ಬಿಡಸು, ತಾನ ಸುಮ್ಮಾಗತದ." ತಣ್ಣನೆಯ ರೊಟ್ಟಿ ತಿಂದು ಬೇಸತ್ತಿದ್ದ ನನಗೆ ದೆವ್ವದ ಬೇಡಿಕೆ ನ್ಯಾಯವಾಗಿಯೇ ಕಂಡಿತು.

ಶಕುಂತಲಾ ಚಹಾ ತಂದು ಕುಕ್ಕಿದಳು. "ಇಷ್ಟ ವರ್ಷ ನಾ ಒಳಗ ಕುಂತು ಯಾರೂ ಇಲ್ಲ ಅಂದೀನಿ. ಆವಾಗ ಒಬ್ಬರೂ ಅಂಜಲಿಲ್ಲ. ಈಗ ಖರೇನ ಯಾರೂ ಇಲ್ಲ, ಅಂಜಾಕತ್ತೀರಿ!"

ಕಾಕಾ ಬಸಿಗೆ ಸುರಿದುಕೊಂಡ ಚಹಾ ಊದುತ್ತ ಕುಳಿತರು. ಆಕೆ ನನ್ನ ಕಡೆ ತಿರುಗಿದಳು. "ನಾಳೆ ನೀವ ಒಳಗ ಇರ್ರಿ. ನಾ ಹೊರಗಿಂದ ಕೀಲಿ ಹಾಕ್ತೀನಿ. ದನಿ ಅತ್ತೀದಾದ್ರ ಅವತ್ತೇ ನೌಕರಿ ಬಿಡ್ತೀನಿ."

ಕೀಲಿ ಬೀಳುವ ಸದ್ದು ಒಳಗಿನಿಂದ ಬೇರೆಯೇ ಕೇಳಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಓಣಿಯ ಸದ್ದು ನಿಂತಿತು. ಬೆಳಕಿಂಡಿಯ ಬಿಸಿಲು ನೆಲದ ಮೇಲೆ ಬೆಕ್ಕಿನಂತೆ ಸರಿಯಿತು. ಅಡುಗೆಮನೆಯಲ್ಲಿ ತಟ್ಟೆಯೊಂದು ತಾನಾಗಿ ಜಾರಿ, ಯಾರೋ ಹಿಡಿದಂತೆ ಅರ್ಧಕ್ಕೇ ನಿಂತಿತು. ಬೀಸುಕಲ್ಲಿನ ಪಕ್ಕ ಹೆಂಗಸರು ಕುಳಿತು ಕುಳಿತು ಸವೆದ ತಗ್ಗೊಂದಿದೆ. ಅಲ್ಲಿ ಹೋಗಿ ಕುಳಿತೆ. ಮೈಗೆ ಸರಿಯಾಗಿ ಹೊಂದಿತು. ಅಲ್ಲಿಂದ ಬಾಗಿಲೊಂದೇ ಕಾಣುತ್ತದೆ, ಬೇರೇನೂ ಕಾಣುವುದಿಲ್ಲ.

ಬಾಗಿಲು ಬಡಿದ ಸದ್ದಾಯಿತು. "ಅಕ್ಕಾರೇ, ಸಿಲಿಂಡರ್!"

ನಾನಿದ್ದೇನೆ ಎನ್ನಬೇಕೆಂದುಕೊಂಡೆ. ಬಾಯಿ ತೆರೆದೆ. ಆಗ ಕಿವಿಯ ಹತ್ತಿರವೇ ಕೇಳಿಸಿತು: "ಮನ್ಯಾಗ ಯಾರೂ ಇಲ್ರಿ."

ಹೊರಗಿನ ಹೆಜ್ಜೆಗಳು ದೂರವಾದವು. ತಿರುಗಿ ನೋಡಿದೆ. ಯಾರೂ ಇರಲಿಲ್ಲ. ನನ್ನ ಬಾಯಿ ಇನ್ನೂ ತೆರೆದೇ ಇತ್ತು.

ಸಂಜೆ ಕೀಲಿ ತೆಗೆದು ಶಕುಂತಲಾ ಹೊಸ್ತಿಲಲ್ಲೇ ನಿಂತಳು. "ಅತ್ತೀದೇನ್ರಿ?" ಕೇಳುವಾಗ ಆಕೆಯ ಕೈ ಬ್ಯಾಗನ್ನು ಬಿಗಿಯಾಗಿ ಹಿಡಿದಿತ್ತು. ವರದಿಗಾರ ಸುಳ್ಳು ಹೇಳಬಾರದು.

"ಅಲ್ಲ. ನಂದು."

ಓಣಿಗೆಲ್ಲ ಕೇಳುವಂತೆ ನಕ್ಕಳು. "ಹಂಗಾದ್ರ ಕಾಕಾ ಹೇಳಿದ್ದು ಖರೆ ಆಯ್ತು. ನೌಕರಿ ನೀವ ಬಿಡ್ರಿ!" ಆಮೇಲೆ ದನಿ ತಗ್ಗಿಸಿ ಹೇಳಿದಳು: "ಗಫೂರ್‌ಭಾಯಿ ಸಿಕ್ಕಿದ್ದ. ಇವತ್ತೂ ಅದೇ ಹೆಣ್ಣದನಿ ಅಂದ."

ಇಬ್ಬರೂ ನೌಕರಿ ಬಿಟ್ಟಿಲ್ಲ. ಆಕೆ ಹುಮನಾಬಾದಿಗೆ ಹೋಗುತ್ತಾಳೆ. ನಾನು ಬೀಸುಕಲ್ಲಿನ ಪಕ್ಕ ಕುಳಿತು ವರದಿ ಬರೆದು ಕಳಿಸುತ್ತೇನೆ. ಕಟ್ಟಿಗೆ ಒಲೆಯಲ್ಲಿ ರೊಟ್ಟಿ ಬಡಿಯುವುದನ್ನೂ ಕಲಿತಿದ್ದೇನೆ. ಸಿಲಿಂಡರ್ ಇನ್ನೂ ಬಂದಿಲ್ಲ. ಗಫೂರ್‌ಭಾಯಿ ಬಂದಾಗಲೆಲ್ಲ ನಾನು ಒಳಗೇ ಇರುತ್ತೇನೆ. ಯಾರೂ ಇಲ್ಲವೆಂದು ಹೇಳಿ ಕಳಿಸುತ್ತೇನಂತೆ.