ನನ್ನ ಡ್ರೋನು, ನಮ್ಮ ದಾಜಿಯ ಮೀಸೆ

ಕೆಲವರಿಗೆ ಮೈಮೇಲೆ ಮಚ್ಚೆ ಇರುತ್ತದೆ, ಕೆಲವರಿಗೆ ಜಾತಕದಲ್ಲಿ ರಾಜಯೋಗ ಇರುತ್ತದೆ. ನನಗಿರುವುದು ಪ್ರಸಂಗ. ನಾನು ಎಲ್ಲಿಗೆ ಹೋದರೂ ಅದು ನನಗಿಂತ ಮೊದಲೇ ಅಲ್ಲಿಗೆ ಹೋಗಿ, ಚಹಾ ಕುಡಿದು, ಕಾಲಮೇಲೆ ಕಾಲು ಹಾಕಿಕೊಂಡು ನನ್ನ ದಾರಿ ಕಾಯುತ್ತ ಕುಂತಿರುತ್ತದೆ.

ನಿಪ್ಪಾಣಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಚಿಕ್ಕೋಡಿಯಿಂದ ಹಿಡಿದು ಕಾಗವಾಡದವರೆಗೆ ಮದುವೆಯಲ್ಲಿ ಮೊಟ್ಟಮೊದಲು ಡ್ರೋನ್ ಹಾರಿಸಿದವನು ನಾನೇ. ಇದನ್ನು ಒಪ್ಪದವರು ಅಥಣಿಯಲ್ಲಿ, ರಾಯಬಾಗದಲ್ಲಿ ಇದ್ದಾರೆ. ಅವರಿಗೂ ಸ್ಟುಡಿಯೋ ಇದೆ, ಆದ್ದರಿಂದ ಅವರ ಮಾತು ಕೇಳಬೇಡಿ. ಚಿಂಚಲಿಯಲ್ಲಿ ನನ್ನ ಡ್ರೋನ್ ಕಂಡು ಎಮ್ಮೆಗಳು ಮೇಯುವುದನ್ನು ಬಿಟ್ಟು ಆಕಾಶ ನೋಡುತ್ತ ನಿಂತವು. ಆ ದಿನ ಹಾಲು ಕಮ್ಮಿ ಆಗಿದ್ದಕ್ಕೆ ನಾನೇ ಕಾರಣ ಎಂದು ಎಮ್ಮೆಯ ಮಾಲೀಕ ಇವತ್ತಿಗೂ ಜಗಳ ತೆಗೆಯುತ್ತಾನೆ. ಕಾಗವಾಡದ ಕಡೆ ದ್ರಾಕ್ಷಿ ತೋಟದ ಮೇಲೆ ಹಾರಿಸಿದಾಗ ತೋಟದ ಯಜಮಾನರು ಓಡಿ ಬಂದರು.

"ಇದಕ್ಕ ಔಷಧ ಎಷ್ಟ ಹಿಡಿತೈತ್ರಿ?"

"ಇದು ಔಷಧದ್ದಲ್ರಿ, ಬರೇ ಫೋಟೋ ತಗೀತೈತಿ."

ಅವರು ಬೂದಿ ಹಿಡಿದ ಒಂದು ಎಲೆ ಕಿತ್ತು ತೋರಿಸಿದರು. "ಫೋಟೋ ತಗದ್ರ ಬೂದಿರೋಗ ಹೋಗತೈತೇನ್ರಿ?"

ಇಂಥ ಕೀರ್ತಿವಂತನಾದ ನಾನು ಒಮ್ಮೆ ಆ ಡ್ರೋನನ್ನೂ ಅದರ ಬ್ಯಾಟರಿಗಳನ್ನೂ ಕಟ್ಟಿಕೊಂಡು ವಿಮಾನ ಹತ್ತಿದೆ. ಆ ಕಥೆ ಇದು.

೧. ಪಣ

ಅಕ್ಕನನ್ನು ಕೊಟ್ಟದ್ದು ಅಂಕಲಿಗೆ. ಅಕ್ಕನ ಗಂಡನಿಗೆ ನಾವು ದಾಜಿ ಅನ್ನುತ್ತೇವೆ. ದಾಜಿಗೆ ಹೊಳೆದಂಡೆಯಲ್ಲಿ ಕಬ್ಬಿನ ಹೊಲ ಇದೆ, ಆದರೆ ಅವರು ಹೊಲಕ್ಕಿಂತ ಹೆಚ್ಚು ಆರೈಕೆ ಮಾಡುವುದು ಮೀಸೆಯನ್ನು. ಎಣ್ಣೆ ಹಚ್ಚಿ ತಿರುವಿದರೆ ಎರಡೂ ತುದಿ ಕಿವಿಯ ಸುದ್ದಿ ಕೇಳಲು ಹೊರಟಂತೆ ಕಾಣುತ್ತವೆ.

ಅವರ ಮಗಳಿಗೆ ಗಂಡು ಗೊತ್ತಾಯಿತು. ಗಂಡಿನವರು ಮೂಲತಃ ಅಥಣಿ ಕಡೆಯವರೇ, ಆದರೆ ಹಿರಿಯರ ಕಾಲದಿಂದ ಜೈಪುರದಲ್ಲಿ ಬಂಗಾರ ಕರಗಿಸಿ ಶುದ್ಧ ಮಾಡುವ ಅಂಗಡಿ ಇಟ್ಟುಕೊಂಡವರು. ಮದುವೆ ಅಲ್ಲೇ ಎಂದು ಠರಾವು ಆಯಿತು. ನಿಶ್ಚಯದ ಊಟದ ದಿನ ಮದುಮಗಳು ನನ್ನ ಪಕ್ಕ ಬಂದು ಕುಂತಳು.

"ಮಾಮಾ, ಆಯಿಗೆ ಮೊಣಕಾಲ ಬ್ಯಾನಿ. ಅಷ್ಟ ದೂರ ಬರಾಕ ಆಗಂಗಿಲ್ಲ ಆಕಿಗೆ. ಅಕ್ಷತಾ ಬೀಳೂದನ್ನ ನೀ ಮ್ಯಾಲಿಂದ ತಗದು ಆಕಿಗೆ ತೋರಸಬೇಕು ನೋಡ. ಇಡೀ ಮಂಟಪ ಕಾಣಬೇಕು."

ಆಯಿ ಎಂದರೆ ಅವಳ ಅಜ್ಜಿ, ದಾಜಿಯ ತಾಯಿ. ಆ ಹುಡುಗಿಯನ್ನು ಬೆಳೆಸಿದ್ದೇ ಆ ಮುದುಕಿ. ಮಗುವಿನ ಮಾತಿಗೆ ನನ್ನ ಕಣ್ಣು ತುಂಬಿತು. ಹೋಳಿಗೆಯ ಮೇಲಿನ ತುಪ್ಪ ತುಂಬಿದ ಬಾಯಿಯಲ್ಲೇ, "ಆತವಾ, ಡ್ರೋನ್ ಒಯ್ಯೂದ ಒಯ್ಯೂದು!" ಅಂದೆ.

ದಾಜಿ ಪಂಕ್ತಿಯ ಆ ಕಡೆಯಿಂದ ನಕ್ಕರು. "ಲೇ ಫೋಟೋ ಮಾಸ್ತರ, ವಿಮಾನದಾಗ ಅದನ್ನ ಬಿಡತಾರೇನಲೇ? ಬ್ಯಾಟರಿ ನೋಡಿದ ಕೂಡಲೇ ನಿನ್ನ ಹಿಡದು ಒಳಗ ಕೂಡಸತಾರ."

"ಬಿಟ್ರ ಏನ್ ಮಾಡ್ತೀರಿ?"

"ಬಿಟ್ರ ಈ ಮೀಸಿ ಬೋಳಿಸ್ತೀನಿ! ಬಿಡಲಿಲ್ಲ ಅಂದ್ರ, ನೀ ಇನ್ನ ನಮ್ಮ ಮನೀ ಕಾರ್ಯದಾಗ ಕ್ಯಾಮೆರಾ ಮುಟ್ಟೂಹಂಗಿಲ್ಲ. ಸಾರಿನ ಬಕೀಟು ಹಿಡಿಯೂದು."

ಪಂಕ್ತಿಯೆಲ್ಲ ಹೋ ಎಂದಿತು. ಅಕ್ಕ ಮಾತ್ರ ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳಿದಳು: "ತಮ್ಮಾ, ಹೆಂಗರೆ ಮಾಡಿ ಗೆಲ್ಲೋ. ಆ ಮೀಸಿಗೆ ಹಚ್ಚೂ ಎಣ್ಯಾಗ ನನ್ನ ತಲಿಗೆ ಎಣ್ಣಿ ಉಳೀವಲ್ದು."

೨. ಗಂಟು

ನಾನು ತಿಳಿದವನು. ಫೋನ್ ಮಾಡಿ ನಿಯಮ ಕೇಳಿಕೊಂಡೆ. ಡ್ರೋನ್ ದೊಡ್ಡ ಪೆಟ್ಟಿಗೆಯಲ್ಲಿ ವಿಮಾನದ ಹೊಟ್ಟೆಗೆ ಹೋಗಬೇಕು. ಬ್ಯಾಟರಿ ಮಾತ್ರ ಅದರಲ್ಲಿ ಒಂದೂ ಇರಬಾರದು, ಎಲ್ಲ ಕೈಚೀಲದಲ್ಲಿ ನಮ್ಮ ಜೊತೆಗೇ ಬರಬೇಕು. ಒಂದಕ್ಕೊಂದು ತಾಗಿ ಕಿಡಿ ಹಾರದಂತೆ ಅವುಗಳ ತಾಮ್ರದ ತುದಿಗೆ ಕರಿ ಟೇಪು ಸುತ್ತಿರಬೇಕು.

ಟೇಪಿನ ಸುರುಳಿ ಹಿಡಿದು ಕುಂತಿದ್ದಾಗ ದಾಜಿ ಬಂದರು. "ಬ್ಯಾಟರಿ ಬಾಯಿಗಷ್ಟ ಯಾಕೋ, ನಿನ್ನ ಬಾಯಿಗೂ ಒಂದ್ ಪಟ್ಟಿ ಹಚ್ಚಿಕೋ. ದಾರಿಯೊಳಗ ಹಗುರ ಆಗತೈತಿ."

ನಾನು ಉಳಿದ ಬ್ಯಾಟರಿಗಳಿಗೂ ಟೇಪು ಸುತ್ತಿ ಮುಗಿಸಿದೆ. ಟೇಪಿನ ಸುರುಳಿಯನ್ನು ಕಿಸೆಯಲ್ಲಿ ಇಟ್ಟುಕೊಂಡೆ. ಅದಕ್ಕೂ ಒಂದು ಕಾಲ ಬರುತ್ತದೆ ಎಂದು ನನಗಾಗಲೀ ಟೇಪಿಗಾಗಲೀ ಗೊತ್ತಿರಲಿಲ್ಲ.

ಹೊರಡುವ ಮುಂಜಾನೆ ನನ್ನ ಹೆಂಡತಿ ಡ್ರೋನಿಗೆ ಪೂಜೆ ಮಾಡಿದಳು. ನಮ್ಮ ಕಡೆ ಹೊಸ ಕಾರ್ಯಕ್ಕೆ ಹೊರಟ ಯಾವ ಯಂತ್ರವೂ ಪೂಜೆಯಿಲ್ಲದೆ ಹೊಸ್ತಿಲು ದಾಟುವುದಿಲ್ಲ, ಟ್ರ್ಯಾಕ್ಟರ್ ಆಗಲಿ, ಹಿಟ್ಟಿನ ಗಿರಣಿ ಆಗಲಿ. ಮೂರು ಬೆರಳಿನ ವಿಭೂತಿ, ಕುಂಕುಮ, ಹೊಟ್ಟೆಯ ಕೆಳಗೆ ಲಿಂಬೆಹಣ್ಣು, ಹಸಿ ಮೆಣಸಿನಕಾಯಿ. ಮೇಲೆ ನನಗೆ ಆಜ್ಞೆ: "ಪೂಜಾ ಆದ ಸಾಮಾನಿನ ಹೊಟ್ಟಿ ಬಿಚ್ಚಬ್ಯಾಡ್ರಿ, ಅಪಶಕುನ." ಆ ಹೊಟ್ಟೆಯಲ್ಲಿ ಒಂದು ಬ್ಯಾಟರಿ ಕುಂತಿತ್ತು. ವಿಮಾನದವರಿಗಿಂತ ಹೆಂಡತಿ ಹತ್ತಿರದಲ್ಲಿದ್ದಳು, ನಾನು ಹತ್ತಿರದವರ ಮಾತು ಕೇಳಿದೆ.

ಅಷ್ಟರಲ್ಲಿ ಅಕ್ಕ ಗಾಣದ ಹೊಸ ಬೆಲ್ಲ ತಂದಳು. ಕಬ್ಬಿನೂರಿನವರು ಬೀಗರ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ಇಬ್ಬರು ಹೆಂಗಸರೂ ಸೇರಿ ನನ್ನ ಕೈಚೀಲದಲ್ಲಿ ಬೆಲ್ಲದ ಪೆಂಟೆಗಳ ನಡುವೆ ಒಂದೊಂದು ಬ್ಯಾಟರಿ ಇಟ್ಟು, ಅಲ್ಲಾಡದಂತೆ ಚಾರ್ಜರಿನ ವೈರಿನಿಂದಲೇ ಗಟ್ಟಿಯಾಗಿ ಸುತ್ತಿ, ಪಂಚೆಯಲ್ಲಿ ಕಟ್ಟಿದರು.

"ಈಗ ಕಲ್ಲಿನ ಮ್ಯಾಲೆ ಒಗದ್ರೂ ಬ್ಯಾಟರಿಗೆ ಏನೂ ಆಗಂಗಿಲ್ಲ ನೋಡ್ರಿ," ಅಂದಳು ಹೆಂಡತಿ.

ನಿಜವೇ. ಬ್ಯಾಟರಿಗೆ ಏನೂ ಆಗಲಿಲ್ಲ.

೩. ನನ್ನ ಹೆಸರು ಕೂಗಿದ್ದು

ಆಯಿಯ ಜೊತೆಗೆಂದು ನನ್ನ ಹೆಂಡತಿ ಊರಲ್ಲೇ ನಿಂತಳು. ಉಳಿದ ಮಂದಿ ರೈಲಿನಲ್ಲಿ ಮುಂದಾಗಿ ಹೋಗಿದ್ದರು. ಅಕ್ಕ, ದಾಜಿ, ಮದುಮಗಳು, ನಾನು ವಿಮಾನಕ್ಕೆ ಬಂದೆವು. ನಮ್ಮ ಕಡೆಯವರಿಗೆ ಒಂದು ದಿಕ್ಕಿಗೆ ಕೊಲ್ಲಾಪುರ, ಇನ್ನೊಂದು ದಿಕ್ಕಿಗೆ ಬೆಳಗಾವಿ. ಯಾವ ಕಡೆಯಿಂದ ಹತ್ತಿದೆವು ಅಂತ ಹೇಳುವುದಿಲ್ಲ, ಅಲ್ಲಿಯವರು ಇನ್ನೂ ನನ್ನನ್ನು ಮರೆತಿರಲಿಕ್ಕಿಲ್ಲ.

ದೊಡ್ಡ ಪೆಟ್ಟಿಗೆ ಕೊಟ್ಟು ಕುಂತಿದ್ದೆವು. ಇದ್ದಕ್ಕಿದ್ದಂತೆ ಮೈಕಿನಲ್ಲಿ ನನ್ನ ಹೆಸರು! ಅಪ್ಪನ ಹೆಸರು, ಅಡ್ಡಹೆಸರು ಸಮೇತ ಕೂಗಿದರು. ನಾನು ಎದ್ದು ನಿಂತು, ಟೋಪಿ ಸರಿಮಾಡಿಕೊಂಡು, ನಾಲ್ಕೂ ಕಡೆ ಕೈ ಮುಗಿದೆ. "ನೋಡ್ರಿ ದಾಜಿ, ಇಲ್ಲಿತನಕ ಹೆಸರು ಬಂದೈತಿ!"

"ಹೆಸರು ಬಂದಿಲ್ಲಲೇ, ಕರೆ ಬಂದೈತಿ. ನಡೀ," ಅಂದರು ದಾಜಿ, ಮೀಸೆ ತಿರುವುತ್ತ.

ಒಳಗೆ ಒಬ್ಬ ಸಾಹೇಬರು ನನ್ನ ಪೆಟ್ಟಿಗೆಯ ಮುಂದೆ ನಿಂತಿದ್ದರು. ತೆಗೆಸಿ ನೋಡಿದರು. ವಿಭೂತಿ ಹಚ್ಚಿಕೊಂಡು ಲಿಂಬೆಹಣ್ಣು ಕಟ್ಟಿಕೊಂಡ ಡ್ರೋನು ಮಠದ ಸ್ವಾಮಿಗಳಂತೆ ಗಂಭೀರವಾಗಿ ಕುಂತಿತ್ತು.

"ಏನಿದು?"

"ಡ್ರೋನ್ ಸಾಹೇಬ್ರ."

"ಅದು ಗೊತ್ತಾಯ್ತು. ಈ ಲಿಂಬೆಹಣ್ಣು?"

"ದೃಷ್ಟಿ ಆಗಬಾರದು ಅಂತ್ರಿ."

"ಯಾರ ದೃಷ್ಟಿ?"

"ಸದ್ಯಕ್ಕ ನಿಮ್ಮದ ಐತ್ರಿ ಅದರ ಮ್ಯಾಲೆ."

ಸಾಹೇಬರು ನಗಲಿಲ್ಲ. ಹೊಟ್ಟೆಯೊಳಗಿನ ಬ್ಯಾಟರಿ ತೆಗೆದರೆ ಮಾತ್ರ ಪೆಟ್ಟಿಗೆ ಹೋಗುತ್ತದೆ, ಇಲ್ಲವಾದರೆ ಇಲ್ಲೇ ಉಳಿಯುತ್ತದೆ ಅಂದರು. ನಾನು ಹೆಂಡತಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ ಬಿಚ್ಚಿದೆ, ಅದರ ತುದಿಗೂ ಟೇಪು ಸುತ್ತಿ ಕೈಚೀಲಕ್ಕೆ ಸೇರಿಸಿದೆ. ಹೊರಡುವಾಗ ಸಾಹೇಬರು ಕರೆದರು. "ಲಿಂಬೆಹಣ್ಣು ಬೇಕಾದರೆ ಇರಲಿ. ಅದಕ್ಕೆ ನಿಯಮ ಇಲ್ಲ."

೪. ಮಷಿನ್ನಿಗೆ ಗೊತ್ತಿಲ್ಲ

ಇನ್ನು ಕೈಚೀಲದ ತಪಾಸಣೆ. ಚೀಲ ಪಟ್ಟೆಯ ಮೇಲೆ ಮಷಿನ್ನಿನೊಳಗೆ ಹೋಯಿತು, ಹೊರಗೆ ಬರಲಿಲ್ಲ. ಪರದೆ ನೋಡುತ್ತಿದ್ದವನು ಮುಂದೆ ಬಗ್ಗಿದ, ಇನ್ನೊಬ್ಬನನ್ನು ಕರೆದ, ಇಬ್ಬರೂ ಸೇರಿ ಮೂರನೆಯವನನ್ನು ಕರೆದರು. ನನ್ನ ಹಿಂದೆ ಸಾಲಿನಲ್ಲಿದ್ದವರು ತಾವಾಗಿಯೇ ದೂರ ಸರಿದರು.

ಅವರಿಗೆ ಪರದೆಯಲ್ಲಿ ಕಂಡದ್ದು ಏನೆಂದರೆ, ಇಟ್ಟಿಗೆಯಂಥ ಗಟ್ಟಿ ಗಟ್ಟಿ ಗಂಟುಗಳು, ಅವುಗಳ ನಡುವೆ ಬ್ಯಾಟರಿ, ಸುತ್ತಲೂ ವೈರು. ನಾನೇ ಪರದೆಯ ಮುಂದೆ ಕುಂತಿದ್ದರೆ ನನ್ನನ್ನು ನಾನೇ ಹಿಡಿಯುತ್ತಿದ್ದೆ.

ದಾಜಿ ಬೀಗಿದರು. "ಬಕೀಟಿನ ಹಿಡಿಕಿ ಗಟ್ಟಿ ಹಿಡೀಬೇಕಪಾ, ಸಾರು ಬಿಸಿ ಇರತೈತಿ!"

ಮದುಮಗಳ ಮುಖ ಸಣ್ಣದಾಯಿತು. "ಮಾಮಾ, ಹೋಗ್ಲಿ ಬಿಡು. ಆಯಿಗೆ ನಾನ ಫೋನಿನಾಗ ಹೇಳ್ತೀನಿ." ಆ ಮಾತು ಕೇಳಿ ನನಗೆ ಬಕೀಟಿನ ಚಿಂತೆ ಹೋಯಿತು, ಬೇರೆ ಚಿಂತೆ ಹತ್ತಿತು.

ಹಿರಿಯ ಅಧಿಕಾರಿ ಬಂದರು. ಹೆಣ್ಣುಮಗಳು. ಗಂಟು ಬಿಚ್ಚಿಸಿದರು, ಬೆಲ್ಲದ ವಾಸನೆ ಬಂದ ಕೂಡಲೇ ಮೂಗು ಅರಳಿಸಿದರು.

"ಎಲ್ಲೀದು ಕಾಕಾ?"

ಕಿವಿಗೆ ಜೇನು ಬಿದ್ದಂತಾಯಿತು. ಮಾತಿನ ಧಾಟಿಯಲ್ಲೇ ಗೊತ್ತಾಯಿತು, ಆಕೆ ರಾಯಬಾಗದ ಕಡೆಯವರು! "ಅಂಕಲಿ ಗಾಣದ್ದವಾ, ನಮ್ಮ ದಾಜಿ ಹೊಲದ್ದ. ಬೆಲ್ಲ, ಬರೇ ಬೆಲ್ಲ!"

"ಬೆಲ್ಲ ಅಂತ ನನಗ ಗೊತ್ತಾತು ಕಾಕಾ. ಮಷಿನ್ನಿಗೆ ಗೊತ್ತಿಲ್ಲ."

ಬೆಲ್ಲ ಬೇರೆ, ಬ್ಯಾಟರಿ ಬೇರೆ, ವೈರು ಬೇರೆ ಟ್ರೇಯಲ್ಲಿ ಇಡಿಸಿ ಮತ್ತೆ ಮಷಿನ್ನಿಗೆ ಹಾಕಿಸಿದರು. ಬ್ಯಾಟರಿಯ ಮೇಲೆ ಬರೆದದ್ದನ್ನು ಒಂದೊಂದಾಗಿ ಓದಿದರು, ಟೇಪು ಸರಿಯಾಗಿದೆಯೇ ಎಂದು ಉಗುರಿನಿಂದ ನೋಡಿದರು. ನಮ್ಮ ಕಡೆಯವರು ಎಂದು ಒಂದು ಎಳೆಯಷ್ಟೂ ರಿಯಾಯಿತಿ ಕೊಡಲಿಲ್ಲ. ಕೊನೆಗೆ, "ಹೋಗ್ರಿ," ಅಂದರು.

ನಾನು ಉಬ್ಬಿ, ಒಂದು ಪೆಂಟೆ ಬೆಲ್ಲ ಮುಂದೆ ಹಿಡಿದೆ. ಅವರು ಕೈ ಹಿಂದೆ ಕಟ್ಟಿಕೊಂಡರು. "ಡ್ಯೂಟಿ ಮ್ಯಾಲೆ ಏನೂ ಮುಟ್ಟೂಹಂಗಿಲ್ರಿ." ಆಮೇಲೆ ದಾಜಿಯ ಕಡೆ ನೋಡಿ, "ಇವರ್‍ಯಾಕ್ರಿ ಮೀಸಿ ಹಿಡಕೊಂಡು ನಿಂತಾರ? ಹಲ್ಲು ಬ್ಯಾನಿ ಏನು?"

೫. ಭಕ್ತಿವಂತ ಮಾಮಾ

ನಮ್ಮಲ್ಲಿ ಅಕ್ಷತೆ ಬೀಳುವಾಗ ಸೋದರಮಾವ ಮದುಮಗಳ ಬೆನ್ನ ಹಿಂದೆ ನಿಲ್ಲಬೇಕು. ನಾನು ಹಿಂದೆ ನಿಂತರೆ ಡ್ರೋನ್ ಹಾರಿಸುವವರು ಯಾರು? ಅದಕ್ಕೂ ನನ್ನ ತಲೆ ಓಡಿತು. ಹೆಗಲ ಶಾಲಿನೊಳಗೆ ರಿಮೋಟ್ ಹಿಡಿದು, ಅದರ ಪರದೆ ನೋಡಲು ತಲೆ ತಗ್ಗಿಸಿ ನಿಂತೆ. ಮೇಲೆ ಡ್ರೋನ್, ಕೆಳಗೆ ಮಂತ್ರ, ಶಾಲಿನೊಳಗೆ ನನ್ನ ಎರಡು ಹೆಬ್ಬೆರಳು.

ಜೈಪುರದ ಬೀಗತಿ ಅಕ್ಕನಿಗೆ ಹೇಳಿದರಂತೆ: "ನಿಮ್ಮ ತಮ್ಮ ಭಾಳ ಭಕ್ತಿವಂತರು. ಇಡೀ ಮುಹೂರ್ತ ತಲೆ ಎತ್ತಲಿಲ್ಲ, ಜಪ ಬಿಡಲಿಲ್ಲ."

ಉತ್ಸಾಹದಲ್ಲಿ ಡ್ರೋನನ್ನು ಸ್ವಲ್ಪ ಕೆಳಗೆ ಇಳಿಸಿದೆ. ಅದರ ಗಾಳಿಗೆ ಮದುಮಕ್ಕಳ ಮೇಲೆ ಬೀಳಬೇಕಾದ ಅಕ್ಷತೆಯೆಲ್ಲ ಹೋಗಿ ದಾಜಿಯ ಮೀಸೆಯಲ್ಲಿ ಸಿಕ್ಕಿಕೊಂಡಿತು. ಆ ಮೀಸೆಗೆ ಅದೇ ಕೊನೆಯ ಆಶೀರ್ವಾದ. ದಾಜಿ ಮಾತಿಗೆ ತಪ್ಪುವ ಮನುಷ್ಯ ಅಲ್ಲ, ಸಂಜೆ ಎಲ್ಲರ ಮುಂದೆ ಕ್ಷೌರಿಕನನ್ನು ಕರೆಸಿ ಕುಂತರು. ಎದ್ದಾಗ ನಮ್ಮ ದಾಜಿ ಎಲ್ಲಿ ಹೋದರು ಎಂದು ನಾವೇ ಹುಡುಕಿದೆವು.

೬. ಕೊನೆಯ ತಪಾಸಣೆ

ತಿರುಗಿ ಬರುವಾಗ ನಾನು ಪಳಗಿದ ಹುಲಿ. ಬೆಲ್ಲ ಇಲ್ಲ, ಲಿಂಬೆಹಣ್ಣು ಇಲ್ಲ, ಡ್ರೋನಿನ ಹೊಟ್ಟೆ ಖಾಲಿ. ಯಾರು ಏನು ಕೇಳಿದರೂ ಉತ್ತರ ತಯಾರು. ಆದರೆ ಜೈಪುರದ ವಿಮಾನ ನಿಲ್ದಾಣದ ಬಾಗಿಲಿನಲ್ಲೇ ನಿಂತ ಜವಾನ ನನ್ನನ್ನು ಸುಮ್ಮನೆ ಒಳಗೆ ಬಿಟ್ಟು, ದಾಜಿಯನ್ನು ಹಿಡಿದ.

ಗುರುತಿನ ಕಾರ್ಡಿನಲ್ಲಿದ್ದ ಫೋಟೋದಲ್ಲಿ ಮುಖ ಕಮ್ಮಿ, ಮೀಸೆ ಜಾಸ್ತಿ. ಎದುರಿಗೆ ನಿಂತವರಿಗೆ ಬರೀ ಮುಖ. "ಇದು ನೀವಲ್ಲ," ಅಂದ ಜವಾನ ಹಿಂದಿಯಲ್ಲಿ.

ದಾಜಿ ಬೆವೆತರು. "ಲೇ ಮಾಸ್ತರ, ಏನರ ಮಾಡೋ! ವೀಡಿಯೋ ತೋರಸೋ!"

ತೋರಿಸಿದೆ. ಆಕಾಶದಿಂದ ತೆಗೆದ ವೀಡಿಯೋದಲ್ಲಿ ದಾಜಿ ತಲೆಗೆ ಸುತ್ತಿದ ಪಟಗಾ ಬಿಟ್ಟರೆ ಏನೂ ಕಾಣಲೊಲ್ಲದು.

ಜವಾನ ಅಕ್ಕನ ಕಡೆ ತಿರುಗಿ, "ಮಾತಾಜಿ, ಇವರು ನಿಮ್ಮ ಗಂಡನೇ?" ಅಂದ. ಅಕ್ಕ ಮದುವೆಯಾದಾಗಿನಿಂದ ಆ ಮೇಲ್ದುಟಿ ಕಂಡವಳಲ್ಲ. ಗಂಡನನ್ನು ಮೇಲಿನಿಂದ ಕೆಳಗೆ ನೋಡಿದಳು. ಅವಳ ಹಿಂದಿ ಅಂಕಲಿಯ ಹಿಂದಿ, ಅರ್ಥ ಇಷ್ಟು: "ದನಿ ಅವರದ್ದ ಐತ್ರಿ. ಮಾರಿ ಬಗ್ಗೆ ನಾ ಜವಾಬ್ದಾರಿ ತಗೊಳ್ಳಂಗಿಲ್ಲ."

ಆಗ ನನ್ನ ಕೈ ತಾನಾಗಿಯೇ ಕಿಸೆಗೆ ಹೋಯಿತು. ಟೇಪಿನ ಸುರುಳಿ! ಹಲ್ಲಿನಿಂದ ಎರಡು ತುಂಡು ಹರಿದು, ತುದಿ ತಿರುವಿ, ದಾಜಿಯ ಮೂಗಿನ ಕೆಳಗೆ ಒತ್ತಿದೆ. ಜವಾನ ಕಾರ್ಡು ನೋಡಿದ, ದಾಜಿಯನ್ನು ನೋಡಿದ, ಇನ್ನೊಮ್ಮೆ ಕಾರ್ಡು ನೋಡಿದ. ಬಂದೂಕು ಗೋಡೆಗೆ ಆನಿಸಿ, ಹೊಟ್ಟೆ ಹಿಡಿದು ನಕ್ಕ. "ಈಗ ನೀವೇ. ಹೋಗಿ."

"ತಗೀಬ್ಯಾಡ್ರಿ ದಾಜಿ, ಒಳಗ ಮತ್ತೊಮ್ಮೆ ಕಾರ್ಡ್ ನೋಡತಾರ," ಅಂದೆ. ಒಳಗಿನ ತಪಾಸಣೆಯವನು ನನ್ನ ಬ್ಯಾಟರಿಗಳ ಟೇಪು ನೋಡಿದ, ದಾಜಿಯ ಟೇಪು ನೋಡಿದ. "ಇವರಿಗೂ ಯಾಕೆ?" ಎಂದ.

"ಇದು ಕಿಡಿ ಹಾರಿದ್ರ ಭಾಳ ದೊಡ್ಡ ಬೆಂಕಿ ಸಾಬ್," ಅಂದೆ. ದಾಜಿಗೆ ಬೈಯಲೂ ಬರುವಂತಿಲ್ಲ, ಬಾಯಿ ಅಗಲಿಸಿದರೆ ಮೀಸೆ ಬಿಚ್ಚಿಕೊಳ್ಳುತ್ತಿತ್ತು.

ಇಳಿದ ಮೇಲೆ ದಾಜಿ ಅದನ್ನು ಕೀಳಲು ನೋಡಿದರು. ಹೊಸದಾಗಿ ಬೋಳಿಸಿದ ಚರ್ಮ, ಬ್ಯಾಟರಿಗೆಂದು ತಂದ ಗಟ್ಟಿ ಟೇಪು. "ಅಯ್ಯಯ್ಯೋ" ಅಂದು ಬಿಟ್ಟುಬಿಟ್ಟರು. ಹಾಗೇ ಅಂಕಲಿ ಮುಟ್ಟಿದೆವು.

ಆಯಿ ಪಡಸಾಲೆಯಲ್ಲಿ ಕಾಲು ಚಾಚಿ ಕಾಯುತ್ತಿದ್ದಳು. ಮೊದಲು ವೀಡಿಯೋ ತೋರಿಸಿದೆ. ಮಂಟಪ, ದೀಪ, ಮಂದಿ, ನಡುವೆ ಕೆಂಪು ಸೀರೆಯ ಮೊಮ್ಮಗಳು. ಆಯಿ ಪರದೆಯನ್ನು ಕಣ್ಣಿಗೆ ಒತ್ತಿಕೊಂಡು ನೋಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಲ್ಲಾರ ನೆತ್ತಿ ಕಂಡ್ವು ನೋಡಪಾ. ದೇವರಿಗೆ ನಾವು ಹಿಂಗ ಕಾಣತೀವಿ ಅನಸತೈತಿ."

ಆಮೇಲೆ ಮಗನನ್ನು ಹತ್ತಿರ ಕರೆದಳು. ದಾಜಿ ಉಸಿರು ಬಿಗಿಹಿಡಿದು ಬಗ್ಗಿದರು. ಆಯಿ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು.

"ಎಷ್ಟ ಸಲ ಹೇಳಬೇಕೋ ನಿನಗ? ಮೀಸಿಗೆ ಎಣ್ಣಿ ಕಮ್ಮಿ ಹಚ್ಚು ಅಂತ. ನೋಡ, ಹೆಂಗ ಫಳಫಳ ಅನ್ನಾಕತ್ತೈತಿ!"